ಸಿನಿಮಾದಲ್ಲಿ ಸತ್ತ ಸೈನಿಕ ಮನೆಗೆ ಬಂದಿದ್ದರು

(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಭಾಷಣ)



ನಮ್ಮ ಸಂಘಗಳಲ್ಲಿ ನಿರ್ಣಯ ಪುಸ್ತಕ ಅಂತ ಒಂದಿದೆ. ಸಭೆಯಲ್ಲಿ ಹತ್ತು ಮಾತು ನಡೆದಿರಬಹುದು, ಆದರೆ ವರ್ಷ ಕಳೆದ ಮೇಲೆ ಉಳಿಯುವುದು ಪುಸ್ತಕದಲ್ಲಿ ಬರೆದದ್ದು ಮಾತ್ರ. ಯುದ್ಧದ ವಿಷಯದಲ್ಲಿ ದೇಶದ ನಿರ್ಣಯ ಪುಸ್ತಕ ಯಾವುದು ಗೊತ್ತಾ? ಸಿನಿಮಾ. ಶಾಲೆಯ ಪಾಠ ಮರೆತುಹೋಗುತ್ತೆ, ಆಗಸ್ಟ್ 15ಕ್ಕೆ ಟಿ.ವಿ.ಯಲ್ಲಿ ನೋಡಿದ್ದು ಮರೆಯೋದಿಲ್ಲ.

1997ರ 'ಬಾರ್ಡರ್' ಹಿಂದಿ ಚಿತ್ರವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಅದರ ಕಥೆ ನಡೆದದ್ದೇ. 1971ರ ಡಿಸೆಂಬರ್ 4ರ ರಾತ್ರಿ ರಾಜಸ್ಥಾನದ ಲೋಂಗೆವಾಲಾ ಠಾಣೆಯ ಕಡೆಗೆ ಪಾಕಿಸ್ತಾನದ ಟ್ಯಾಂಕುಗಳು ಬಂದವು. ಮೇಜರ್ ಕುಲದೀಪ್ ಸಿಂಗ್ ಚಾಂದ್‌ಪುರಿ ಅವರ ಹತ್ತಿರ ಇದ್ದದ್ದು ಸುಮಾರು 120 ಜನ. ಬೆಳಗಾಗುವ ತನಕ ಅವರು ತಡೆದು ನಿಂತರು. ಬೆಳಕು ಹರಿದ ಮೇಲೆ ವಾಯುಪಡೆಯ ಹಂಟರ್ ವಿಮಾನಗಳು ಬಂದು ಟ್ಯಾಂಕುಗಳನ್ನು ಹೊಡೆದವು.

ಚಿತ್ರದಲ್ಲಿ ನಮ್ಮ ಸೈನಿಕರು ಒಬ್ಬರ ಹಿಂದೆ ಒಬ್ಬರು ಸಾಯುತ್ತಾರೆ. ನಿಜವಾಗಿ ಆ ಠಾಣೆಯಲ್ಲಿ ಪ್ರಾಣ ಕೊಟ್ಟವರು ಇಬ್ಬರು. ಸುನೀಲ್ ಶೆಟ್ಟಿ ಮಾಡಿದ ಭೈರೋನ್ ಸಿಂಗ್ ಪಾತ್ರ ಸಾಯುವಾಗ ಥಿಯೇಟರಿನಲ್ಲಿ ಎಷ್ಟು ಜನ ಅತ್ತರೋ! ಆದರೆ ಗಡಿ ಭದ್ರತಾ ಪಡೆಯ ಭೈರೋನ್ ಸಿಂಗ್ ರಾಠೋಡ್ ಅಲ್ಲಿ ಸಾಯಲಿಲ್ಲ. 1972ರಲ್ಲಿ ಸೇನಾ ಪದಕ ಪಡೆದು, 1987ರಲ್ಲಿ ನಿವೃತ್ತರಾಗಿ, ಊರಲ್ಲಿ ಬಾಳಿ, 2022ರ ಡಿಸೆಂಬರ್‌ನಲ್ಲಿ ಜೋಧಪುರದ ಆಸ್ಪತ್ರೆಯಲ್ಲಿ ತೀರಿಕೊಂಡರು. ದೇಶ ಅವರನ್ನು ಹುತಾತ್ಮ ಅಂತ ನೆನೆಯುತ್ತಿದ್ದಾಗ ಅವರು ಮನೆಯಲ್ಲೇ ಇದ್ದರು!

ಚಿತ್ರ ತೆಗೆಯುವವರಿಗೆ ಕಣ್ಣೀರು ಬೇಕು, ಅದನ್ನು ನಾನು ದೂರುವುದಿಲ್ಲ. ಆದರೆ ಒಂದು ಯೋಚನೆ ಮಾಡಿ. ಸತ್ತ ವೀರನ ಫೋಟೋಗೆ ಹಾರ ಹಾಕಿದರೆ ಮುಗೀತು. ಬದುಕಿ ಬಂದವನಿಗೆ ಪಿಂಚಣಿ ಬೇಕು, ಔಷಧಿ ಬೇಕು, ರಾತ್ರಿ ಬೆಚ್ಚಿ ಎದ್ದಾಗ ಪಕ್ಕದಲ್ಲಿ ಯಾರಾದರೂ ಬೇಕು. ಆ ಕೆಲಸ ಯಾರದ್ದು? ಹೆಂಡತಿಯದ್ದು. ಅದು ತೆರೆಯ ಮೇಲೆ ಬರುವುದಿಲ್ಲ.

'ಬಾರ್ಡರ್'ನಲ್ಲಿ ಹೆಂಗಸರು ಕಾಗದಕ್ಕಾಗಿ ಕಾಯುತ್ತಾರೆ, ಅಳುತ್ತಾರೆ. ಅದೇ 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಸಾವಿರಾರು ಹೆಣ್ಣುಮಕ್ಕಳು ಸೈನಿಕರ ಕೈಯಲ್ಲಿ ಅತ್ಯಾಚಾರಕ್ಕೆ ಒಳಗಾದರು. ಬಾಂಗ್ಲಾದೇಶ ಹುಟ್ಟಿದ ಮೇಲೆ ಸರ್ಕಾರ ಅವರನ್ನು 'ಬೀರಾಂಗನಾ', ಅಂದರೆ ವೀರಾಂಗನೆ, ಎಂದು ಕರೆಯಿತು. ಹೆಸರೇನೋ ದೊಡ್ಡದು, ಆದರೆ ಎಷ್ಟೋ ಮನೆಯವರು ಅವರನ್ನು ಒಳಗೆ ಸೇರಿಸಲಿಲ್ಲ. ಅವರಲ್ಲಿ ಕೆಲವರಿಗೆ ಸ್ವಾತಂತ್ರ್ಯ ಹೋರಾಟಗಾರ್ತಿಯರ ಮಾನ್ಯತೆ ಸಿಗಲು 2015 ಬರಬೇಕಾಯಿತು. ಸುಮಾರು ಒಂದು ಕೋಟಿ ಜನ ನಿರಾಶ್ರಿತರಾಗಿ ಭಾರತಕ್ಕೆ ಬಂದರು. ಮರಳುಗಾಡಿನ ಒಂದು ರಾತ್ರಿ ನಮಗೆಲ್ಲ ಬಾಯಿಪಾಠ, ಈ ಒಂದು ಕೋಟಿ ನೆನಪಿಲ್ಲ.

ಕನ್ನಡದಲ್ಲಿ 1990ರಲ್ಲಿ ರಾಜೇಂದ್ರ ಸಿಂಗ್ ಬಾಬು ಅವರ 'ಮುತ್ತಿನ ಹಾರ' ಬಂತು. ವಿಷ್ಣುವರ್ಧನ್ ಕೊಡಗಿನ ಸೈನಿಕ, ಸುಹಾಸಿನಿ ನರ್ಸ್ ಆಗಿರುವ ಹೆಂಡತಿ. ಯುದ್ಧ ಒಂದು ಸಂಸಾರದಿಂದ ಏನೇನು ಕಿತ್ತುಕೊಳ್ಳುತ್ತೆ ಅಂತ ಅದರಲ್ಲಿ ಇದೆ. ನನ್ನ ಕೇಳಿದರೆ ಮಕ್ಕಳಿಗೆ ಅದನ್ನು ಮೊದಲು ತೋರಿಸಿ. 'ಬಾರ್ಡರ್' ಕೂಡ ತೋರಿಸಿ, ಮುಗಿದ ಮೇಲೆ ಭೈರೋನ್ ಸಿಂಗ್ ಮನೆಗೆ ಬಂದರು ಅಂತ ಹೇಳಿ.

ಇನ್ನೊಂದು ಮಾತು. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿ ಕ್ಯಾಂಪುಗಳಿವೆ. ಆ ಕಡೆ ಬಂಧುಗಳಿದ್ದರೆ, ಹೋದಾಗ ಅಲ್ಲಿಯ ವಯಸ್ಸಾದ ಅಜ್ಜಿಯರ ಹತ್ತಿರ ಒಂದು ಗಳಿಗೆ ಕೂತು ಮಾತಾಡಿಸಿ. ಊರು ಬಿಟ್ಟು ಬರುವಾಗ ಏನು ತಂದಿರಿ, ಏನು ಬಿಟ್ಟು ಬಂದಿರಿ ಅಂತ ಕೇಳಿ.