ಹತ್ತು ರೂಪಾಯಿಯ ಜಗಳ



ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯ ‘ಆರೋಗ್ಯ ಮತ್ತು ಸಮಾಜ’ ಎಂದು ಅಚ್ಚಾಗಿದೆ. ಸಂಘದವರು ಧಾರಾಳಿಗಳು. ನಾನು ಅಷ್ಟು ದೂರ ಹೋಗುವವನಲ್ಲ. ಒಂದು ಜಗಳದ ಬಗ್ಗೆ ಮಾತ್ರ ಮಾತಾಡುತ್ತೇನೆ. ಆ ಜಗಳದಲ್ಲಿ ನಾನೂ ಒಬ್ಬ ಪಕ್ಷಗಾರ, ಆದ್ದರಿಂದ ನನ್ನಿಂದ ನಿಷ್ಪಕ್ಷಪಾತ ಮಾತು ಬಯಸಬೇಡಿ. ವಿಮೆ ಇಲ್ಲದ ದುಡಿಯುವ ಜನರಿಗೆಂದು ಊರವರು ಸೇರಿ ಒಂದು ಧರ್ಮಾರ್ಥ ದವಾಖಾನೆ ನಡೆಸಿದರೆ ಅದರ ಖರ್ಚು ಯಾರದು? ಉಳ್ಳವರ ದಾನದಿಂದ ಪೂರ್ತಿ ಪುಕ್ಕಟೆ ನಡೆಯಬೇಕೋ, ಬರುವ ರೋಗಿಯೂ ಕೈಲಾದಷ್ಟು ಹಾಕಬೇಕೋ?

ವಿಮೆ ಇಲ್ಲದವರು ಈಗ ಯಾರಿದ್ದಾರೆ ಎಂದು ಕೆಲವರು ಕೇಳುತ್ತಾರೆ. ಕಾರ್ಮಿಕರ ವಿಮೆಯ ಇ.ಎಸ್.ಐ. ಕಾಯ್ದೆ ಬಂದದ್ದು 1948ರಲ್ಲಿ, ಜಾರಿಗೆ ಬಂದದ್ದು 1952ರಲ್ಲಿ, ಮೊದಲು ಕಾನ್ಪುರ ಮತ್ತು ದಿಲ್ಲಿಯಲ್ಲಿ. 2017ರಲ್ಲಿ ಪಗಾರದ ಮಿತಿಯನ್ನು 21,000 ರೂಪಾಯಿಗೆ ಏರಿಸಿದರು. ಇತಿಹಾಸ ಇಷ್ಟು ಸಾಕು. ಇ.ಎಸ್.ಐ.ಯ ಲಾಭ ಸಿಗಬೇಕಾದರೆ ನಿಮಗೊಬ್ಬ ಮಾಲೀಕ ಇರಬೇಕು, ಅವನಲ್ಲಿ ಹಾಜರಿ ಪುಸ್ತಕ ಇರಬೇಕು. ನಾಲ್ಕು ಮನೆಯ ಮುಸುರೆ ತಿಕ್ಕುವ ಹೆಂಗಸಿಗೆ ಮಾಲೀಕ ಯಾರು? ಎ.ಪಿ.ಎಂ.ಸಿ.ಯಲ್ಲಿ ಯಾರ ಲಾರಿ ಬಂದರೆ ಅವರ ಚೀಲ ಹೊರುವ ಹಮಾಲನಿಗೆ? ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು ಅವರ ಹತ್ತಿರವೂ ಇದೆ, ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದವನ ಕಾರ್ಡು. ಆಸ್ಪತ್ರೆಗೆ ಸೇರದಂತೆ ಕಾಯುವ ದಿನದ ಬಿ.ಪಿ. ಗುಳಿಗೆಗೆ ಅದು ನಡೆಯುವುದಿಲ್ಲ. ಗುಳಿಗೆ ಸರಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ, ನಿಜ. ಅಲ್ಲಿಯ ಓ.ಪಿ.ಡಿ. ಹಗಲಿನದು, ಹಮಾಲನ ದುಡಿಮೆಯೂ ಹಗಲಿನದು. ಸಾಲಿನಲ್ಲಿ ನಿಂತ ದಿನ ಕೂಲಿ ಇಲ್ಲ. ಹೀಗಾಗಿ ಅವನು ಸಂಜೆ ಔಷಧಿ ಅಂಗಡಿಗೆ ಹೋಗುತ್ತಾನೆ. ಅಂಗಡಿಯವನು ಕತ್ತರಿ ತಗೊಂಡು ಹತ್ತು ಗುಳಿಗೆಯ ಪಟ್ಟಿಯಿಂದ ಮೂರನ್ನು ಕತ್ತರಿಸಿ ಕೊಡುತ್ತಾನೆ. ಕತ್ತರಿ ಆಡುವುದು ಸಾಮಾನ್ಯವಾಗಿ ಗುಳಿಗೆಯ ಹೆಸರಿನ ಮೇಲೆಯೇ. ಮುಂದಿನ ಸಲ ಅವನ ಕೈಯಲ್ಲಿ ಉಳಿದಿರುವುದು ‘...ಪಿನ್ 5’ ಎಂಬ ತುಂಡು ಮಾತ್ರ. ಅದನ್ನು ತೋರಿಸಿ ‘ಇಂಥಾದ್ದ ಕೊಡ್ರಿ’ ಅನ್ನುತ್ತಾನೆ.

ನಾನು ಲೆಕ್ಕ ಬರೆಯುವ ಸಂಜೆ ದವಾಖಾನೆಗೆ ಬರುವವರು ಇವರು. ಮಾರುಕಟ್ಟೆಯ ಹಿಂದೆ ಎರಡು ಕೋಣೆ, ಸರದಿಯ ಮೇಲೆ ಬರುವ ನಿವೃತ್ತ ವೈದ್ಯರು, ಪಗಾರದ ಮೇಲೆ ಒಬ್ಬಳು ನರ್ಸು. ಹೆಸರು ಬೇಡ, ಇಲ್ಲಿ ಕೂತವರಲ್ಲಿ ಕೆಲವರಿಗೆ ಗೊತ್ತೇ ಇದೆ.

ನಮ್ಮ ಜನ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಗಣಪತಿ ಪಟ್ಟಿ ಎತ್ತಿದರೆ ವಾರದೊಳಗೆ ಪೆಂಡಾಲಿನ ದುಡ್ಡು ಕೂಡುತ್ತದೆ. ಆದರೆ ಏನನ್ನು ಕೊಡಲು ಇಷ್ಟಪಡುತ್ತಾರೆ ಎಂಬುದನ್ನು ನೋಡಬೇಕು. ನಮ್ಮ ದವಾಖಾನೆಗೆ ಗಾಲಿಕುರ್ಚಿ ಬಂದಿವೆ, ಒಂದಲ್ಲ, ಹಲವು. ದವಾಖಾನೆ ಇರುವುದು ಮಾಳಿಗೆಯ ಮೇಲೆ. ಔಷಧಿಯನ್ನೂ ಕೊಡುತ್ತಾರೆ: ತೀರಿಹೋದ ಅಜ್ಜನ ಅರ್ಧ ಉಳಿದ ಪಟ್ಟಿಗಳು, ಡಾಕ್ಟರ ಮೇಜಿನ ಮೇಲೆ ರಾಶಿ ಬೀಳುವ ಸ್ಯಾಂಪಲ್ಲುಗಳು. ಈ ವಾರ ಒಂದು ಕಂಪನಿಯದು, ಮುಂದಿನ ವಾರ ಇನ್ನೊಂದರದು. ಓದು ಬಾರದ ಮುದುಕಿಗೆ ನಿನ್ನೆಯ ಬಿಳಿ ಗುಳಿಗೆಯೂ ಇವತ್ತಿನ ಕೆಂಪು ಗುಳಿಗೆಯೂ ಒಂದೇ ಎಂದು ಹೇಗೆ ತಿಳಿಸುವುದು? ಆಕೆ ಎರಡನ್ನೂ ನುಂಗುತ್ತಾಳೆ.

ಇನ್ನು ಶಿಬಿರಗಳು. ಉಚಿತ ತಪಾಸಣಾ ಶಿಬಿರ, ಶಾಮಿಯಾನ, ಬ್ಯಾನರು, ಶಾಲು-ಹಾರ, ಉಪ್ಪಿಟ್ಟು. ಬೆರಳು ಚುಚ್ಚಿ ಒಬ್ಬನಿಗೆ ‘ಶುಗರ್ 280’ ಎಂದು ಚೀಟಿಯಲ್ಲಿ ಬರೆದು ಕೊಡುತ್ತಾರೆ. ಸಂಜೆ ಶಾಮಿಯಾನ ಬಿಚ್ಚುತ್ತಾರೆ. ಮರುದಿನ ಆ ಮನುಷ್ಯ ಎಲ್ಲಿಗೆ ಹೋಗಬೇಕು? ಅವನಿಗೆ ಬೇಕಾದದ್ದು ಪ್ರತಿ ತಿಂಗಳೂ ಬಾಗಿಲು ತೆರೆದಿರುವ ಒಂದು ಕೋಣೆ. ಕೋಣೆಗೆ ಬಾಡಿಗೆ, ಕರೆಂಟ್ ಬಿಲ್ಲು, ನರ್ಸಿನ ಪಗಾರ. ಈ ಮೂರಕ್ಕೆ ದಾನಿ ಸಿಗುವುದಿಲ್ಲ, ಏಕೆಂದರೆ ಪಗಾರದ ಮೇಲೆ ಹೆಸರು ಕೆತ್ತಿಸಲಿಕ್ಕೆ ಬರುವುದಿಲ್ಲ.

ಆದ್ದರಿಂದ ನಾವು ಚೀಟಿಗೆ ಹತ್ತು ರೂಪಾಯಿ ಇಟ್ಟೆವು. ಜಗಳ ಹುಟ್ಟಿದ್ದು ಒಬ್ಬ ದೊಡ್ಡ ವ್ಯಾಪಾರಸ್ಥರು ಮುಂದೆ ಬಂದಾಗ. ಒಳ್ಳೆಯ ಮನುಷ್ಯರು. ವರ್ಷದ ಖರ್ಚೆಲ್ಲ ತಮ್ಮದು ಎಂದರು, ಎರಡು ಷರತ್ತಿನ ಮೇಲೆ: ಹಲಗೆಯ ಮೇಲೆ ಅವರ ತಾಯಿಯ ಹೆಸರು, ಮತ್ತು ರೋಗಿಗಳಿಂದ ಒಂದು ಪೈಸೆಯೂ ತಗೊಳ್ಳಬಾರದು. ‘ನಮ್ಮ ಅವ್ವನ ಹೆಸರಿನ್ಯಾಗ ರೊಕ್ಕಾ ಇಸಗೊಂಡ್ರ ಛಲೋ ಕಾಣ್ತದೇನ್ರಿ?’ ಎಂದರು. ಹಲಗೆಗೆ ಯಾರ ತಕರಾರೂ ಇರಲಿಲ್ಲ. ಎರಡನೆಯದಕ್ಕೆ ನಾನು ಒಪ್ಪಲಿಲ್ಲ.

ನಮ್ಮ ಹಿರಿಯ ಡಾಕ್ಟರು ಒಪ್ಪಿದರು. ಅವರು ಬರೀ ಭಾವನೆಯ ಮೇಲೆ ಮಾತಾಡುವವರಲ್ಲ. ಕೀನ್ಯಾದಲ್ಲಿ ಗರ್ಭಿಣಿಯರಿಗೆ ಸೊಳ್ಳೆಪರದೆ ಹಂಚಿ ನಡೆಸಿದ ಒಂದು ಅಧ್ಯಯನ, 2010ರಲ್ಲಿ ಪ್ರಕಟವಾದದ್ದು, ಅವರ ಚೀಲದಲ್ಲೇ ಇತ್ತು. ಪುಕ್ಕಟೆ ಕೊಟ್ಟಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಯ್ದರು. ಸಣ್ಣ ಬೆಲೆ ಇಟ್ಟಲ್ಲೂ ಒಯ್ಯುವವರ ಸಂಖ್ಯೆ ಧಡಕ್ಕನೆ ಇಳಿಯಿತು. ‘ಪುಕ್ಕಟೆ ಸಿಕ್ಕದ್ದಕ್ಕೆ ಬೆಲೆ ಇರುವುದಿಲ್ಲ’ ಎಂದು ನಾವೆಲ್ಲ ಹೇಳುತ್ತೇವಲ್ಲ, ಅದೂ ಅಲ್ಲಿ ನಿಲ್ಲಲಿಲ್ಲ. ಪುಕ್ಕಟೆ ಪಡೆದವರು ಕೊಂಡವರಷ್ಟೇ ಪರದೆಯನ್ನು ಕಟ್ಟಿಕೊಂಡು ಮಲಗುತ್ತಿದ್ದರು. ‘ಹತ್ತು ರೂಪಾಯಿ ನಿಮಗ ಚಿಲ್ಲರ. ಬರದಽ ಇದ್ದವರನ್ನ ನಿಮ್ಮ ಲೆಕ್ಕದ ಪುಸ್ತಕ ಕಾಣೂದಿಲ್ಲ’ ಎಂದರು ನನಗೆ. ಆ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ.

ನನ್ನ ವಾದ ಬೇರೆ. ಅದನ್ನು ನಾನು ಕಲಿತದ್ದು ಛತ್ತೀಸಗಡದ ಒಂದು ಊರಿನಿಂದ. ಡಲ್ಲಿ ರಾಜಹರಾ ಅಂತ, ಭಿಲಾಯಿ ಉಕ್ಕಿನ ಕಾರ್ಖಾನೆಗೆ ಕಬ್ಬಿಣದ ಅದಿರು ಹೋಗುವ ಗಣಿಯೂರು. ಖಾಯಂ ಕೆಲಸಗಾರರಿಗೆ ಕಂಪನಿಯ ಆಸ್ಪತ್ರೆ ಇತ್ತು. ಅದೇ ಗುಡ್ಡವನ್ನು ಕೈಯಿಂದ ಒಡೆಯುತ್ತಿದ್ದ ಗುತ್ತಿಗೆಯ ಕೂಲಿಗಳಿಗೆ ಆ ಹಕ್ಕಿರಲಿಲ್ಲ. 1977ರಲ್ಲಿ ಅವರು ಶಂಕರ್ ಗುಹಾ ನಿಯೋಗಿಯವರ ಜೊತೆ ತಮ್ಮದೇ ಸಂಘಟನೆ ಕಟ್ಟಿದರು. ಅದೇ ವರ್ಷ ಜೂನ್ 2 ಮತ್ತು 3ರಂದು ಪೊಲೀಸರ ಗೋಲಿಬಾರಿಗೆ 11 ಮಂದಿ ಸತ್ತರು. ಕೆಲವು ವರ್ಷಗಳ ಮೇಲೆ ಸಂಘಟನೆಯ ಮುಂದಾಳು ಕುಸುಮ್ ಬಾಯಿ ಹೆರಿಗೆಯಲ್ಲಿ ಸರಿಯಾದ ಚಿಕಿತ್ಸೆ ಸಿಗದೆ ತೀರಿಕೊಂಡಳು. ಇನ್ನು ಯಾರನ್ನೂ ಬೇಡುವುದು ಬೇಡ, ನಮ್ಮ ಆಸ್ಪತ್ರೆ ನಾವೇ ಕಟ್ಟೋಣ ಎಂದರು ಗಣಿಯವರು.

1982ರ ಜನವರಿ 26ರಂದು ಯೂನಿಯನ್ ಕಚೇರಿಯ ಗ್ಯಾರೇಜಿನಲ್ಲಿ ದವಾಖಾನೆ ಶುರುವಾಯಿತು. ಬಿನಾಯಕ್ ಸೇನ್, ಆಶೀಶ್ ಕುಂಡು ಮೊದಲಾದ ತರುಣ ವೈದ್ಯರು ಬಂದಿದ್ದರು. ಮರುವರ್ಷ ಜೂನ್ 3ಕ್ಕೆ ಹದಿನೈದು ಹಾಸಿಗೆಯ ಆಸ್ಪತ್ರೆ ನಿಂತಿತು. ಗೋಲಿಬಾರಿನಲ್ಲಿ ಹೋದವರ ನೆನಪಿಗೆ ಶಹೀದ್ ಆಸ್ಪತ್ರೆ ಎಂದು ಹೆಸರಿಟ್ಟರು. ಗಣಿಯ ಪಾಳಿ ಮುಗಿಸಿ ಬಂದವರು ಇಟ್ಟಿಗೆ ಹೊತ್ತರು, ಪಗಾರದಿಂದ ಹಣ ಹಾಕಿದರು, ಅವರ ಮನೆಯ ಹುಡುಗ ಹುಡುಗಿಯರೇ ಆರೋಗ್ಯ ಕಾರ್ಯಕರ್ತರಾಗಿ ತರಬೇತಾದರು. ಬಂದ ರೋಗಿಯಿಂದ ಸಣ್ಣ ಶುಲ್ಕ. ಮುಷ್ಕರದಲ್ಲಿದ್ದವರಿಗೆ, ಕೆಲಸ ಕಳಕೊಂಡವರಿಗೆ, ತೀರ ಬಡವರಿಗೆ ಅದೂ ಇಲ್ಲ. ಹೊರಗಿನ ಸಂಸ್ಥೆಗಳು ಹಣ ಕೊಡುತ್ತೇವೆಂದು ಬಂದಾಗ ಬೇಡ ಎಂದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ‘ಬೇಡ’. 1991ರಲ್ಲಿ ನಿಯೋಗಿಯವರ ಕೊಲೆಯಾಯಿತು. ಆಸ್ಪತ್ರೆ ಮುಚ್ಚಲಿಲ್ಲ.

ಹೀಗೆ ಸಣ್ಣ ಸಣ್ಣ ಪಾಲು ಕೂಡಿಸುವುದು ನಮ್ಮ ಸೀಮೆಗೂ ಹೊಸದಲ್ಲ. ಮಠಗಳ ಪ್ರಸಾದನಿಲಯಗಳಿಗೆ ಮುಷ್ಟಿ ಧಾನ್ಯ ಕೂಡಿಸುತ್ತಿದ್ದುದು ಇಲ್ಲಿಯ ಹಿರಿಯರಿಗೆ ನೆನಪಿರಬೇಕು. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈಗಳ ಬ್ಯಾಂಕು ಪಿಗ್ಮಿ ಶುರುಮಾಡಿ ಮನೆಬಾಗಿಲಿಗೆ ಹೋಗಿ ಆಣೆ ಲೆಕ್ಕದಲ್ಲಿ ಹಣ ಕೂಡಿಸಿತು. ಮಂಡ್ಯದ ‘ಐದು ರೂಪಾಯಿ ಡಾಕ್ಟರ್’ ಶಂಕರೇಗೌಡರ ಹೆಸರು ಕೇಳದವರು ಯಾರಿದ್ದಾರೆ? ಅವರು ಮನಸ್ಸು ಮಾಡಿದ್ದರೆ ಆ ಐದನ್ನೂ ಬಿಡಬಹುದಿತ್ತು. ಯಾಕೆ ಬಿಡಲಿಲ್ಲವೋ ಅವರಿಗೇ ಗೊತ್ತು. ನನಗಂತೂ ಆ ಐದು ರೂಪಾಯಿ ಇಷ್ಟ.

ನಮ್ಮಲ್ಲಿಗೆ ಊದಿನಕಡ್ಡಿ ಹೊಸೆಯುವ ಒಬ್ಬ ಹೆಣ್ಣುಮಗಳು ಬರುತ್ತಾಳೆ. ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟು ಕೈ ಚಾಚಿ ನಿಲ್ಲುತ್ತಾಳೆ, ಪಾವತಿ ಚೀಟಿ ಕೊಡುವ ತನಕ ಕದಲುವುದಿಲ್ಲ. ಒಮ್ಮೆ ಡಾಕ್ಟರು ತಡವಾಗಿ ಬಂದರು. ‘ಏನ್ರೀ ಸಾಹೇಬ್ರ, ನಾವೂ ರೊಕ್ಕಾ ಕೊಟ್ಟಽ ಕುಂತೇವಿ’ ಎಂದಳು. ಡಾಕ್ಟರು ತಪ್ಪಾಯಿತು ಎಂದರು. ಅಷ್ಟು ವರ್ಷಗಳ ಡಾಕ್ಟರಿಕೆಯಲ್ಲಿ ಬಡ ರೋಗಿಯೊಬ್ಬಳಿಗೆ ಅವರು ಹಾಗೆ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ವ್ಯಾಪಾರಸ್ಥರ ತಾಯಿಯ ಹೆಸರಿನ ಹಲಗೆಯ ಕೆಳಗೆ ಆಕೆ ಹಾಗೆ ಕೇಳುತ್ತಿದ್ದಳೇ? ಕೈಮುಗಿದು ಕೂಡುತ್ತಿದ್ದಳು. ನನ್ನ ವಾದ ಇಷ್ಟೇ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಗೆದ್ದಂತಾಗುತ್ತಿತ್ತು. ಆದರೆ ಕಾಲೇಜಿನ ದಿನಗಳ ನಮ್ಮ ಇಂಗ್ಲಿಷ್ ಸರ್ ಬಿಡುವುದಿಲ್ಲ.

1971ರಲ್ಲಿ ‘ತೇರೇ ಮೇರೇ ಸಪ್ನೇ’ ಬಂದಾಗ ನಾವೆಲ್ಲ ಕಾಲೇಜಿನ ಹುಡುಗರು. ದೇವ್ ಆನಂದ್ ಗಣಿಯೂರಿಗೆ ಡಾಕ್ಟರಾಗಿ ಹೋಗುವ ಕಥೆ. ಕ್ಲಾಸಿನಲ್ಲಿ ಹಿಂದಿನ ಬೆಂಚು ಅದರ ಹಾಡು ಗುನುಗುತ್ತಿತ್ತು. ಸರ್ ಬೈಯಲಿಲ್ಲ. ಮರುದಿನ ಕ್ರೋನಿನ್ನನ ‘ದಿ ಸಿಟಡೆಲ್’ ಕಾದಂಬರಿ ಹಿಡಿದು ಬಂದರು. ‘ನಿಮ್ಮ ಸಿನಿಮಾದ ಬೇರು ಇಲ್ಲಿ ಅದ. ಸಿನಿಮಾದಾಗ ಹಾಡು ನೋಡಿದ್ರಿ, ಪುಸ್ತಕದಾಗ ಕಾರ್ಡು ನೋಡ್ರಿ’ ಎಂದರು. ಕೋಟಿನ ಮೇಲೆ ಯಾವಾಗಲೂ ಸೀಮೆಸುಣ್ಣದ ಪುಡಿ, ಓದುವಾಗ ಪುಸ್ತಕವನ್ನು ಮೂಗಿಗೆ ಹಿಡಿಯುವ ಅಭ್ಯಾಸ. ಪಾಠ ಬಿಟ್ಟು ಬೇರೆಲ್ಲ ಕಲಿಸಿದರು. ಪರೀಕ್ಷೆಯಲ್ಲಿ ನಮಗೆ ಬಂದ ಅಂಕಗಳೂ ಹಾಗೇ ಇದ್ದವು.

ಕ್ರೋನಿನ್ ತಾನೇ ವೈದ್ಯ. ದಕ್ಷಿಣ ವೇಲ್ಸಿನ ಟ್ರೆಡೆಗರ್ ಎಂಬ ಗಣಿಯೂರಿನಲ್ಲಿ ಕೆಲಸ ಮಾಡಿದ್ದವನು. ಅಲ್ಲಿ ಕಾರ್ಮಿಕರೇ ಪಗಾರದಿಂದ ಪೌಂಡಿಗಿಷ್ಟು ಪೆನ್ಸ್ ಎಂದು ಹಾಕಿ ವೈದ್ಯಕೀಯ ನೆರವಿನ ಸಂಘ ನಡೆಸುತ್ತಿದ್ದರು. ಅದೇ ಊರಿನ ಅನ್ಯೂರಿನ್ ಬೆವನ್ 1948ರಲ್ಲಿ ಬ್ರಿಟನ್ನಿಗೆಲ್ಲ ಉಚಿತ ಆರೋಗ್ಯ ಸೇವೆ ತಂದ ಮಂತ್ರಿ. ಆ ಸೇವೆಗೆ ತವರೂರಿನ ಸಂಘವೇ ಮಾದರಿ ಎನ್ನುತ್ತಾರೆ. ಇದೆಲ್ಲ ನನ್ನ ಪರ. ಆದರೆ ಸರ್ ತೋರಿಸಿದ ಕಾರ್ಡು ಬೇರೆ. ಕಾದಂಬರಿಯ ಗಣಿಗ ತನ್ನ ಕಾರ್ಡನ್ನು ತನಗೆ ಬೇಕಾದ ಡಾಕ್ಟರಿಗೆ ಕೊಡುತ್ತಾನೆ. ಡಾಕ್ಟರನ ಸಂಪಾದನೆ ನಿಂತಿರುವುದು ಆ ಕಾರ್ಡುಗಳ ಮೇಲೆ. ಹೊಸ ಡಾಕ್ಟರು ಮ್ಯಾನ್ಸನ್, ದುಡಿಯಬಲ್ಲವನಿಗೆ ಕಾಯಿಲೆಯ ಸರ್ಟಿಫಿಕೇಟು ಕೊಡುವುದಿಲ್ಲ ಅನ್ನುತ್ತಾನೆ. ಜನ ಬಂದು ಕಾರ್ಡು ವಾಪಸು ಕೇಳುತ್ತಾರೆ. ಮುಂದೆ ಗಣಿಗರ ಎದೆಯ ಧೂಳಿನ ಮೇಲೆ ಅವನು ಸಂಶೋಧನೆ ಮಾಡಿದಾಗ, ಯಾರ ಒಳ್ಳೆಯದಕ್ಕೆ ಮಾಡಿದನೋ ಅವರದೇ ಸಮಿತಿ ಅವನನ್ನು ಎದುರು ನಿಲ್ಲಿಸಿ ವಿಚಾರಣೆ ಮಾಡುತ್ತದೆ. ಸರ್ ಪುಸ್ತಕ ಮಡಚಿ ‘ರೊಕ್ಕಾ ಕೊಟ್ಟವರೂ ಮಾಲಕರಽ ಆಗ್ತಾರ, ತಿಳೀತೇನು?’ ಎಂದು ಕೇಳಿದರು. ಆಗ ತಿಳಿದಿರಲಿಲ್ಲ.

ನಮ್ಮ ದವಾಖಾನೆಯಲ್ಲಿ ಪಾವತಿ ಇಸಗೊಂಡವರು ಮುಂದೆ ಕೇಳುವುದು ಏನು ಗೊತ್ತೇ? ಸೂಜಿ. ‘ಹತ್ತು ರೂಪಾಯಿ ಕೊಟ್ಟೇನಿ, ಒಂದು ಸೂಜಿನರೆ ಮಾಡ್ರಿ’. ಗುಳಿಗೆಯಲ್ಲೇ ಹೋಗುವ ಜ್ವರಕ್ಕೆ ಸೂಜಿ ಬೇಡ ಎಂದರೆ ಎದ್ದು, ಎದುರಿನ ಓಣಿಯಲ್ಲಿ ನೂರು ರೂಪಾಯಿ ಕೊಟ್ಟು ಸಲಾಯಿನ್ ಹಚ್ಚಿಸಿಕೊಳ್ಳುತ್ತಾರೆ. ಡಲ್ಲಿ ರಾಜಹರಾದ ವೈದ್ಯರಿಗೂ ಇದೇ ಎದುರಾಗಿತ್ತು. ಅನಾವಶ್ಯಕ ಸೂಜಿ, ಟಾನಿಕ್ಕುಗಳ ವಿರುದ್ಧ ಅವರು ಪ್ರಚಾರವನ್ನೇ ನಡೆಸಿದರು. ಭೇದಿಗೆ ಉಪ್ಪು-ಸಕ್ಕರೆಯ ನೀರು ಸಾಕೆಂದು ಕಲಿಸಿದರು. ಜನ ಕೇಳಿದರು, ಯಾಕೆಂದರೆ ಅಲ್ಲಿ ಯೂನಿಯನ್ ಇತ್ತು. ಜನರ ಸೆರೆ ಕುಡಿತ ಬಿಡಿಸಿದ್ದ ಯೂನಿಯನ್ನು ಟಾನಿಕ್ಕನ್ನೂ ಬಿಡಿಸಬಲ್ಲದು. ಅವರದು ಒಂದೇ ಗಣಿ, ಒಂದೇ ಧೂಳು, ಒಂದೇ ಪಗಾರದ ದಿನ. ನಮ್ಮ ಸಂಜೆಯ ಬೆಂಚಿನ ಮೇಲೆ ಕೂತವರಲ್ಲಿ ಹಮಾಲನಿಗೂ ಊದಿನಕಡ್ಡಿಯವಳಿಗೂ ಪರಸ್ಪರ ಹೆಸರೇ ಗೊತ್ತಿಲ್ಲ. ಗಣಿಯೂರಿನಲ್ಲಿ ಹುಟ್ಟಿದ ಪದ್ಧತಿಯನ್ನು ನಾನು ಮಾರುಕಟ್ಟೆಗೆ ತಂದು ನೆಡುತ್ತಿದ್ದೇನೆ. ಬೇರು ಹಿಡಿದೀತೋ ಇಲ್ಲವೋ.

ಇನ್ನೂ ಒಂದು ತಕರಾರು ಇದೆ, ಅದನ್ನು ಎತ್ತುವವರು ನನಗಿಂತ ಚಿಕ್ಕವರು. ನೀವು ಹೀಗೆ ಹತ್ತು ಹತ್ತು ಕೂಡಿಸಿ ದವಾಖಾನೆ ನಡೆಸಿದರೆ ಸರಕಾರ ಸಂಜೆಯ ಓ.ಪಿ.ಡಿ. ಯಾಕೆ ತೆರೆಯುತ್ತದೆ? ಆ ಮಾಲೀಕರಿಲ್ಲದ ಕೆಲಸಗಾರರನ್ನು ಇ.ಎಸ್.ಐ. ಒಳಗೆ ಯಾಕೆ ಸೇರಿಸಿಕೊಳ್ಳುತ್ತದೆ? ನಿಯೋಗಿಯವರಿಗೂ ಈ ಪ್ರಶ್ನೆ ಹೊಳೆಯದೆ ಇರಲಾರದು. ಅವರು ಆಸ್ಪತ್ರೆಯನ್ನೂ ಕಟ್ಟಿದರು, ಹೋರಾಟವನ್ನೂ ಬಿಡಲಿಲ್ಲ. ನಾವು ಲೆಕ್ಕ ಬರೆಯುವವರು, ಧರಣಿ ಕೂಡುವವರಲ್ಲ.

ಹೀಗಾಗಿ ನಿಮ್ಮ ಪ್ರಶ್ನೆಗಳಿಗೆ ಮುಂಚೆ ನನ್ನವನ್ನು ಕೇಳಿಬಿಡುತ್ತೇನೆ. ಹತ್ತು ರೂಪಾಯಿ ಇಲ್ಲವೆಂದು ಮಾಳಿಗೆಯ ಮೆಟ್ಟಿಲನ್ನೇ ಹತ್ತದೆ ಹೋದವರು ಎಷ್ಟು ಮಂದಿ, ಅವರನ್ನು ಹುಡುಕುವ ದಾರಿ ಯಾವುದು? ಶುಲ್ಕ ತೆಗೆದುಹಾಕಿ, ಆದರೂ ಆ ಊದಿನಕಡ್ಡಿಯ ಹೆಣ್ಣುಮಗಳನ್ನು ಸಮಿತಿಯ ಕುರ್ಚಿಯ ಮೇಲೆ ಕೂಡಿಸಬಹುದಲ್ಲ, ಕೇಳುವ ಹಕ್ಕು ಬರಲಿಕ್ಕೆ ರೊಕ್ಕವೇ ಬೇಕೇ? ಕೂಡಿಸಿದ ಮೇಲೆ ಆಕೆ ಮೊದಲ ಸಭೆಯಲ್ಲೇ ‘ಎಲ್ಲರಿಗೂ ಸೂಜಿ ಮಾಡ್ರಿ’ ಎಂದು ಠರಾವು ಮಂಡಿಸಿದರೆ ನಾನು ಅದನ್ನು ನಡಾವಳಿಯಲ್ಲಿ ಬರೆಯಲೋ, ಬೇಡವೋ? ವ್ಯಾಪಾರಸ್ಥರ ಚೆಕ್ಕು ಇನ್ನೂ ನನ್ನ ಡ್ರಾಯರಿನಲ್ಲಿದೆ, ಮೂರು ತಿಂಗಳಾದರೆ ನಡೆಯುವುದಿಲ್ಲ. ನರ್ಸಿನ ಪಗಾರ ಒಂದನೇ ತಾರೀಖಿಗೆ. ಇಲ್ಲಿ ಕೂತವರು ಹೇಳಿ, ನಾನು ಅದನ್ನು ಬ್ಯಾಂಕಿಗೆ ಹಾಕಲೇ?