ನಕ್ಕರೆ ಕುಸಿಯುತ್ತೇನೆ, ಗುಂಡ ಜೊತೆಗಿದ್ದಾನೆ
ನನಗೆ ನಾರ್ಕೊಲೆಪ್ಸಿ ಇದೆ. ನಮ್ಮನ್ನು ಎಚ್ಚರವಾಗಿಡುವ ಹೈಪೊಕ್ರೆಟಿನ್ ಅನ್ನೋ ರಾಸಾಯನಿಕ ನನ್ನ ಮೆದುಳಲ್ಲಿ ತೀರಾ ಕಮ್ಮಿ. ಹಗಲಲ್ಲೇ ನಿದ್ದೆ ಎಳೆಯುತ್ತೆ. ಜೋರಾಗಿ ನಕ್ಕರೆ ಮಂಡಿಯ ಬಲವೇ ಹೋಗುತ್ತೆ; ಎಚ್ಚರ ಇರುತ್ತೆ, ಮಾತು ಹೊರಡಲ್ಲ. ಅದಕ್ಕೇ ಎಷ್ಟೋ ವರ್ಷ ಗೆಳೆಯರ ಜೋಕಿಗೆ ನಗೋದನ್ನೇ ಬಿಟ್ಟಿದ್ದೆ.

ಈಗ ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗುಂಡ ಇದ್ದಾನೆ, ತರಬೇತಿ ಪಡೆದ ಲ್ಯಾಬ್ರಡಾರ್. ಬಸ್ಸಲ್ಲಿ ತೂಕಡಿಸಿದರೆ ಮೂತಿಯಿಂದ ತಿವಿದು ಎಬ್ಬಿಸ್ತಾನೆ. ಬಿದ್ದರೆ, ನಾನು ಏಳೋವರೆಗೂ ಪಕ್ಕದಿಂದ ಕದಲಲ್ಲ. ಹೋಟೆಲಲ್ಲಿ ತಡೆದರೆ? ಅಮೆರಿಕದ 1990ರ ಅಂಗವಿಕಲರ ಕಾಯ್ದೆಯಡಿ ಅವರು ಎರಡೇ ಪ್ರಶ್ನೆ ಕೇಳಬಹುದು: ಅಂಗವೈಕಲ್ಯಕ್ಕೆ ಬೇಕಾದ ನಾಯಿಯಾ, ಯಾವ ಕೆಲಸ ಕಲಿತಿದೆ? ಸರ್ಟಿಫಿಕೇಟ್ ತೋರಿಸು ಅನ್ನೋ ಹಾಗಿಲ್ಲ.

ಊರಿಂದ ಬಂದ ಅಮ್ಮ ಮಾತ್ರ ಮೂರನೇದು ಕೇಳಿದ್ರು: "ನಾಯಿ ಒಳಗ್ಯಾಕೆ?" ಮೊನ್ನೆ ಅವರ ಮಾತಿಗೇ ನಕ್ಕು ಹಾಲಲ್ಲಿ ಕುಸಿದೆ. ಎಲ್ಲಾ ಕೇಳಿಸ್ತಿತ್ತು.

"ಗುಂಡಾ, ಅವಳನ್ನ ಬಿಟ್ಟು ಹೋಗ್ಬೇಡ ಕಣೋ."