ಊರು ಕೇಳಿ, ಬೀದಿ ಕೇಳ್ಬೇಡಿ

ಇವತ್ತು ಒಂದು ಸಣ್ಣ ಆಟದ ಬಗ್ಗೆ ಮಾತಾಡೋಣ.

ಕಾಲೇಜಿನ ಮೊದಲ ವಾರ, ಎನ್‌ಎಸ್‌ಎಸ್ ಕ್ಯಾಂಪು, ಹೊಸ ಟ್ರೈನಿಂಗ್ ಬ್ಯಾಚು. ಪರಿಚಯವೇ ಇಲ್ಲದ 20 ಜನ ಒಂದೇ ರೂಮಲ್ಲಿ, ಎಲ್ಲರ ಕಣ್ಣೂ ಮೊಬೈಲ್ ಮೇಲೆ. "ಒಬ್ಬೊಬ್ರೇ ಎದ್ದು ಪರಿಚಯ ಮಾಡ್ಕೊಳ್ಳಿ" ಅಂದ್ರೆ ಏನಾಗುತ್ತೆ? ಇಂಗ್ಲಿಷ್ ಬರೋರು ಎರಡು ನಿಮಿಷ ಮಾತಾಡ್ತಾರೆ. ಉಳಿದವರು ಹೆಸರು ಹೇಳಿ ಕೂತ್ಕೋತಾರೆ. ಆ ದಿನ ಸುಮ್ಮನಾದವರು ಎಷ್ಟೋ ಸಲ ವರ್ಷಪೂರ್ತಿ ಸುಮ್ಮನೇ ಇರ್ತಾರೆ.

ಅದಕ್ಕೇ ಈ ಆಟ. ಖರ್ಚು ಒಂದು ಸೀಮೆಸುಣ್ಣ, ಟೈಮು 20 ನಿಮಿಷ.

ನೆಲದ ಮಧ್ಯೆ ಒಂದು ಗುರುತು ಹಾಕಿ. ಅದು ಚಾಮರಾಜನಗರ. ಪಶ್ಚಿಮದ ಕಡೆ, ಸ್ವಲ್ಪ ದಕ್ಷಿಣಕ್ಕೆ ಗುಂಡ್ಲುಪೇಟೆ. ಈಶಾನ್ಯಕ್ಕೆ ಮೊದಲು ಯಳಂದೂರು, ಆಮೇಲೆ ಕೊಳ್ಳೇಗಾಲ. ಪೂರ್ವಕ್ಕೆ ಹನೂರು. ಐದು ತಾಲ್ಲೂಕು, ಐದು ಗುರುತು. ಈಗ ಹೇಳಿ: "ನಿಮ್ಮೂರಿನ ಬಸ್ ಸ್ಟಾಪ್ ಎಲ್ಲಿದೆಯೋ ಅಲ್ಲಿ ಹೋಗಿ ನಿಂತ್ಕೊಳ್ಳಿ." ತೆರಕಣಾಂಬಿಯವರು ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ನಡುವೆ ನಿಲ್ತಾರೆ. ಗಡಿಯಾಚೆ ತಾಳವಾಡಿಯಿಂದ ಬಂದವರು ದಕ್ಷಿಣಕ್ಕೆ. ಬಸ್ಸೇ ಹೋಗದ ಪೋಡಿನಿಂದ ಬಂದ ಸೋಲಿಗರ ಹುಡುಗಿ ಇದ್ರೆ, ಎಲ್ಲಿವರೆಗೂ ನಡೆದು ಬಂದು ಬಸ್ ಹತ್ತುತ್ತಾಳೋ ಅಲ್ಲಿ. "ಏ, ನೀನಿನ್ನೂ ಆ ಕಡೆ ಹೋಗಪ್ಪ" ಅಂತ ಒಬ್ಬರನ್ನೊಬ್ಬರು ಸರಿಸೋಕೆ ಶುರು ಮಾಡ್ತಾರಲ್ಲ, ಅಷ್ಟೊತ್ತಿಗೆ ಅರ್ಧ ಕೆಲಸ ಮುಗೀತು.

ಆಮೇಲೆ ದೂರದಲ್ಲಿ ನಿಂತವರನ್ನ ಜೋಡಿ ಮಾಡಿ. ಪಕ್ಕದೂರಿನವರು ಹೇಗೂ ಮಾತಾಡ್ತಾರೆ. ಪ್ರಶ್ನೆ ಒಂದೇ: "ನಾನು ನಿಮ್ಮೂರಿಗೆ ಬಂದ್ರೆ ಏನು ತೋರಿಸ್ತೀರಾ?" ಹಂಗಳದವರು ಹಿಮವದ್ ಗೋಪಾಲಸ್ವಾಮಿ ಬೆಟ್ಟ ಅನ್ನಬಹುದು. ಇನ್ನೊಬ್ಬರು ಚೆಂಡು ಹೂವಿನ ಹೊಲ, ಮತ್ತೊಬ್ಬರು ಅಜ್ಜಿ ಮಾಡೋ ಸೊಪ್ಪಿನ ಸಾರು. ತಲಾ ಎರಡು ನಿಮಿಷ. ಕೊನೆಗೆ ಎಲ್ಲರ ಮುಂದೆ ತಮ್ಮ ಬಗ್ಗೆ ಅಲ್ಲ, ಜೊತೆಗಾರರ ಬಗ್ಗೆ ಎರಡು ಮಾತು ಹೇಳ್ಬೇಕು. ನಮ್ಮ ಬಗ್ಗೆ ನಾವೇ ಹೇಳ್ಕೊಳ್ಳೋಕೆ ನಾಚಿಕೆ. ಇನ್ನೊಬ್ಬರ ಬಗ್ಗೆ ಹೇಳೋದು ಅಷ್ಟು ಕಷ್ಟ ಅಲ್ಲ.

ಈಗ ಮುಖ್ಯವಾದ ಮಾತು. ನಮ್ಮ ಕಡೆ "ಯಾವೂರು?" ಆದ ತಕ್ಷಣ ತಾನಾಗೇ ಬರೋ ಪ್ರಶ್ನೆ, "ಯಾವ ಬೀದಿ?" ಅಡ್ರೆಸ್ ಕೇಳ್ದಂಗೆ ಇರುತ್ತೆ. ಆದರೆ ಎಷ್ಟೋ ಹಳ್ಳಿಗಳಲ್ಲಿ ಬೀದಿಗಿರೋದೇ ಜಾತಿಯ ಹೆಸರು. ಬೀದಿ ಕೇಳೋದೂ ಒಂದೇ, ಜಾತಿ ಕೇಳೋದೂ ಒಂದೇ. ಆ ಉತ್ತರದ ಮೇಲೆ ನಾಳೆ ಯಾರ ಪಕ್ಕ ಯಾರು ಕೂರ್ತಾರೆ, ಯಾರ ಟಿಫಿನ್ ಬಾಕ್ಸಿಗೆ ಯಾರು ಕೈ ಹಾಕ್ತಾರೆ ಅನ್ನೋದು ತೀರ್ಮಾನ ಆಗಿಬಿಡಬಹುದು. ಉತ್ತರ ಹೇಳೋಕೆ ಹಿಂಜರಿಯೋರ ಎದೆ ಢವಢವ ಅನ್ನೋದು ಕೇಳಿದವರಿಗೆ ಗೊತ್ತೇ ಆಗಲ್ಲ.

ಹಾಗಾಗಿ ಆಟ ಆಡಿಸೋರು ಮೊದಲೇ ನಿಯಮ ಹೇಳಿಬಿಡಿ: ಹೆಸರು, ಊರು, ಅಷ್ಟೇ. ಬೀದಿ, ಅಪ್ಪನ ಕೆಲಸ, ಮಾರ್ಕ್ಸು ಯಾವುದೂ ಬೇಡ. ಆದ್ರೂ ಯಾರಾದ್ರೂ ಕೇಳಿದ್ರೆ ಬೈಯೋಕೆ ಹೋಗ್ಬೇಡಿ, ಆಗ ಎಲ್ಲರ ಕಣ್ಣೂ ಉತ್ತರ ಹೇಳಬೇಕಾದವರ ಮೇಲೇ ಬೀಳುತ್ತೆ. "ನಮ್ಮ ಆಟ ಬಸ್ ಸ್ಟಾಪ್‌ವರೆಗೆ ಮಾತ್ರ ಕಣಪ್ಪ" ಅಂತ ನಗ್ತಾ ಹೇಳಿ ಮುಂದಕ್ಕೆ ಹೋಗಿ.

20 ನಿಮಿಷದ ಆಟದಿಂದ ಜಾತಿ ಹೋಗಲ್ಲ, ನಂಗೂ ಗೊತ್ತು. ಆದರೆ ಮೊದಲ ದಿನ ಒಬ್ಬ ಹುಡುಗ, ಒಬ್ಬಳು ಹುಡುಗಿ ಬರೀ ತಮ್ಮ ಹೆಸರು, ತಮ್ಮ ಊರಿನಿಂದ ಪರಿಚಯ ಆದ್ರೆ, ಎರಡನೇ ದಿನ ಅವರು ಮಾತಾಡ್ತಾರೆ. ನಮಗೆ ಬೇಕಿರೋದು ಆ ಎರಡನೇ ದಿನ.

ಆಡ್ಸಿ ನೋಡಿ. ಮುಂದಿನ ಎಪಿಸೋಡಲ್ಲಿ ಸಿಗೋಣ.